ಹಿತ್ತಾಳೆ ಆಗದು

ಮೈನಸ್ ಇಪ್ಪತ್ತಾರು.
ಕರಗಂಡಾದ ಬಸ್ಸಿನ ಕಿಟಕಿಗೆ ಬೆರಳುದಪ್ಪ ಹಿಮ.
ನನ್ನ ಕೋಟಿನೊಳಗೆ, ಸ್ವೆಟರಿಗೂ ಒಳಗೆ
ಒಂದು ಪ್ಲಾಸ್ಟಿಕ್ ಚೀಲದ ನೀರು,
ನೀರಿನಲ್ಲಿ ಐದು ತೋಳು.
"ಏನಮ್ಮ, ಕೂಸೇ?" ಎಂದಳು ಟಿಕೆಟಿನವಳು.
ಹೌದೆನ್ನಲೇ, ಅಲ್ಲವೆನ್ನಲೇ.
ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ
ದಿನಗಟ್ಟಲೆ ರೈಲು, ಬರೀ ಹುಲ್ಲುಬಯಲು.

ಮಾರಿದ ಹುಡುಗ ಯೆರ್ದೆನ್ ಬೆರಳು ಮಡಿಚಿ ಹೇಳಿದ್ದ:
ಗಾಳಿಗೆ ಎತ್ತಬೇಡ ಅಜ್ಜಿ,
ಒಳಗೆ ಸಿಕ್ಕಿಕೊಂಡ ಗಾಳಿಯನ್ನು
ಹೊರಗೆ ಹಾಕಲು ಅದಕ್ಕೆ ಬಾರದು.
ಅವಸರ ಬೇಡ, ಹೊಸ ನೀರು ಹನಿ ಹನಿಯಾಗಿ.
ತಾಮ್ರ ಆಗದು. ಹಿತ್ತಾಳೆಯೂ ಆಗದು,
ಉಂಗುರ ಗಿಂಗುರ ಇದ್ದರೆ ತೆಗೆದಿಡು.
ಆರು ತಿಂಗಳು ಬದುಕಿದರೆ ಬಂದು ಹೇಳು.

ಗಾಳಿಯ ಮಾತು ನನಗೆ ಹೇಳುತ್ತಾನೆ!
ಇಪ್ಪತ್ತೊಂಬತ್ತು ವರ್ಷ ಗಣಿಯ ದೀಪದ ಕೋಣೆಯಲ್ಲಿ
ಕಿಂಡಿಯ ಈಚೆ ನಿಂತವಳು ನಾನು.
ಬಿಲ್ಲೆ ಇಸಿದುಕೊಂಡು ದೀಪ ಕೊಡುವುದು,
ದೀಪ ಇಸಿದುಕೊಂಡು ಬಿಲ್ಲೆ ಕೊಡುವುದು.
ಮೊಳೆಗೆ ತೂಗುವ ಬಿಲ್ಲೆ ಎಂದರೆ
ಒಬ್ಬ ಇನ್ನೂ ಕೆಳಗಿದ್ದಾನೆ.
ಇದಕ್ಕಿಂತ ದೊಡ್ಡ ಲೆಕ್ಕ ನಾನು ಕಲಿಯಲಿಲ್ಲ.

ಅಡುಗೆಮನೆಯಲ್ಲಿ ಬಕೆಟ್ಟು, ಸಪೂರ ಕೊಳವೆ,
ಕೊಳವೆಗೊಂದು ಸಡಿಲ ಗಂಟು.
ಸೆಕೆಂಡಿಗೆ ಎರಡು ಹನಿ.
ಹನಿಗೂಡಿ ಹಳ್ಳವಾಗುವುದು ಕೇಳಿದ್ದೇನೆ,
ಕಡಲಾಗುತ್ತದೋ ನೋಡೋಣ.
ಪೊಟ್ಟಣದ ಉಪ್ಪಿಗೆ ಅರ್ಧ ಪಿಂಚಣಿ ಹೋಯಿತು,
ಉಪ್ಪಿನ ಋಣವೆಂದರೆ ಇದೇ ಇರಬೇಕು.
ಅಳೆಯುವ ಗಾಜಿನ ಕಡ್ಡಿ ಓಲಾಡಿ ನಿಂತಿತು:
ಸಾವಿರದ ಇಪ್ಪತ್ತೈದು.

ಈರುಳ್ಳಿ ಕೇಳಲು ಬಂದ ಎಲ್ವಿರಾ ಬಗ್ಗಿ ನೋಡಿದಳು.
"ನಕ್ಷತ್ರವಂತೆ! ಸುಟ್ಟ ಬಿಸ್ಕತ್ತಿನ ಹಾಗಿದೆ. ಕಣ್ಣೆಲ್ಲಿ?"
"ತೋಳಿಗೊಂದು, ತುದಿಯಲ್ಲಿ.
ಬೆಳಕು, ಕತ್ತಲು, ಅಷ್ಟೇ ಗೊತ್ತಾಗುವುದು."
"ನಿನ್ನ ಗಣಿಯವರ ಹಾಗೆ," ಅಂದುಬಿಟ್ಟು
ಈರುಳ್ಳಿ ಮರೆತು ಹೋದಳು.

ಮೂರು ಗಂಟೆ ಕಳೆಯಿತು. ಚಹಾ ಎರಡು ಸಲ ಆರಿತು.
ಕೈ ತೊಳೆಯುವಾಗ ನೆನಪಾಯಿತು:
ಕತ್ತಿನ ದಾರದಲ್ಲಿ ನೂರ ಹದಿನಾಲ್ಕು.
ಹಿತ್ತಾಳೆ. ಕೋಟಿನ ಗುಂಡಿಯಷ್ಟು ಅಗಲ.

ಕೇಳಿಕೊಂಡು ಯಾರೂ ಬರಲಿಲ್ಲ,
ಹಲಗೆ ಬದಲಾಯಿಸಿದ ದಿನ ನಾನೇ ಮೊಳೆಯಿಂದ ತೆಗೆದೆ.
ಅವನ ಹೆಸರು ಹೇಳುವುದಿಲ್ಲ.
ಅವನು ನನಗೆ ಏನೂ ಆಗಬೇಕಿರಲಿಲ್ಲ.
ಪ್ರತಿ ಪಾಳಿಗೂ ಕಿಂಡಿಯ ಅಂಚಿನಲ್ಲಿ
ಒಂದು ಪೆಪ್ಪರಮೆಂಟು ಇಟ್ಟು ಹೋಗುತ್ತಿದ್ದ,
ಅಷ್ಟೇ.

ಈ ಬಿಲ್ಲೆಯನ್ನು ತೊಟ್ಟಿಯ ಮರಳಲ್ಲಿ ಹೂತು
ಮೇಲೊಂದು ಜೀವ ಓಡಾಡಲಿ ಎಂದೇ
ತೊಟ್ಟಿ ಕೊಂಡದ್ದು, ಮರಳು ಕೊಂಡದ್ದು,
ತಿಂಗಳುಗಟ್ಟಲೆ ಬರೀ ನೀರನ್ನು ಸಾಕಿದ್ದು.
ಯಾರಿಗೂ ಹೇಳಿರಲಿಲ್ಲ.

ದಾರ ಬಿಚ್ಚಿದೆ. ಹಳೆಯ ಗಂಟು, ಹಲ್ಲು ಹಾಕಬೇಕಾಯಿತು.
ಡ್ರಾಯರಿನಲ್ಲಿ ಚಮಚಗಳ ಪಕ್ಕ ಇಟ್ಟೆ.
ಮೂರು ಸಲ ಕೈ ತೊಳೆದೆ. ಕತ್ತನ್ನೂ.

ಬಟ್ಟಲು ಮುಳುಗಿಸಿ ನೀರಿನಿಂದ ನೀರಿಗೆ ದಾಟಿಸಿದೆ.
ಅಂಗಾತ ಬಿತ್ತು.
ತಿರುಗಿಸಲೆಂದು ಕೈ ಮುಂದಾಯಿತು, ಹಿಂದೆ ತಂದೆ.
ಒಂದು ತೋಳು ತುದಿ ಮಡಿಚಿ ಮರಳು ತಡಕಿತು,
ಆಮೇಲೆ ಇನ್ನೊಂದು. ನಿದ್ದೆಯಲ್ಲಿ ಮಗ್ಗುಲು ಬದಲಿಸುವವರಂತೆ
ಹದಿನೇಳು ನಿಮಿಷ ತೆಗೆದುಕೊಂಡು
ಕವುಚಿಕೊಂಡಿತು.
ನಾನು ಉಸಿರು ಬಿಟ್ಟೆ.

ಬೆಳಿಗ್ಗೆ ನೋಡಿದರೆ ಮರಳು ಖಾಲಿ.
ಕಲ್ಲಿನ ಹಿಂದೆ ಇಲ್ಲ. ಕಲ್ಲಿನ ಕೆಳಗೂ ಇಲ್ಲ.
ಕಾಲು ನಡುಗಿತು. ಈ ನಡುಕ ನನಗೆ ಹಳೆಯದು,
ಸೈರನ್ ಮಾತ್ರ ಇರಲಿಲ್ಲ.

ಪಂಪಿನ ಮರೆಯಲ್ಲಿ, ಹಿಂಬದಿ ಗಾಜಿಗೆ
ನೂರಾರು ಪುಟ್ಟ ಕಾಲೂರಿ ಏರುತ್ತಿತ್ತು.
ಎಷ್ಟು ನಿಧಾನವೆಂದರೆ
ಏರುತ್ತಿದೆ ಎಂದು ತಿಳಿಯಲು ಗಾಜಿನ ಮೇಲೆ
ಪೆನ್ಸಿಲಿನಲ್ಲಿ ಗೆರೆ ಎಳೆದೆ.

ಕಡ್ಡಿಗೆ ಸೀಗಡಿ ತುಂಡು ಚುಚ್ಚಿ ತೋಳಿನಡಿ ಹಿಡಿದೆ.
ಬಾಯಿ ಬಂದಿತು, ಬಾಯಿಂದ ಹೊಟ್ಟೆಯೇ ಹೊರಗೆ ಬಂದಿತು,
ಅಪ್ಪಿಕೊಂಡು ಉಂಡಿತು.
ಇಷ್ಟು ಬಿಚ್ಚಿ ಉಣ್ಣುವವರನ್ನು ನಾನು ಕಂಡಿಲ್ಲ.

ಹಳೆಯ ಪಾಳಿಪುಸ್ತಕ ಇನ್ನೂ ಅರ್ಧ ಖಾಲಿ ಇತ್ತು.
ಬರೆದೆ:
ಫೆಬ್ರವರಿ ಒಂಬತ್ತು. ಉಪ್ಪು, ಸಾವಿರದ ಇಪ್ಪತ್ತೈದು.
ನೀರು, ಇಪ್ಪತ್ತೈದು ಡಿಗ್ರಿ.
ಕೆಳಗಿರುವವರು, ಒಂದು.